ಕೈ ನಡುಕದ ಮಾತ್ರೆ ಮತ್ತು ಲಾಟರಿ ಟಿಕೆಟ್: ದಕ್ಷಿಣ ಕೊಡಗಿನ ಒಂದು ಪ್ರಕರಣ

ದಕ್ಷಿಣ ಕೊಡಗಿನ ಒಬ್ಬ ಕಾಫಿ ಬೆಳೆಗಾರರ ಪ್ರಕರಣ ಇದು. ವಯಸ್ಸು 58. ಹನ್ನೆರಡು ಎಕರೆ ತೋಟ, ಹೆಚ್ಚಿನದು ರೊಬಸ್ಟಾ. ಮರಗಳಿಗೆ ಕರಿಮೆಣಸಿನ ಬಳ್ಳಿ, ಮನೆಯ ಕೆಳಗೆ ಒಂದಿಷ್ಟು ಗದ್ದೆ. ಅವರಿಗೆ ಪಾರ್ಕಿನ್ಸನ್ ಎಂಬ, ಕೈ ನಡುಕ ಮತ್ತು ಮೈ ಬಿಗಿ ತರುವ ಮೆದುಳಿನ ಕಾಯಿಲೆ ಇದೆ, 2020ರಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಆದರೆ 2025ರ ಆರಂಭದಲ್ಲಿ ಹೆಂಡತಿ ಮತ್ತು ಮಗ ಅವರನ್ನು ನನ್ನ ಬಳಿ ಕರೆತಂದಿದ್ದು ಆ ಕಾಯಿಲೆಗಲ್ಲ. ಜೂಜು ಬಿಡಿಸುವುದಕ್ಕೆ.

ನಾನು ಮನಃಶಾಸ್ತ್ರಜ್ಞೆ. ಮಾತು, ಪರೀಕ್ಷೆ, ಕೌನ್ಸೆಲಿಂಗ್ ನನ್ನ ಕೆಲಸ. ಔಷಧಿ ಬರೆಯುವುದು ನನ್ನ ಕೆಲಸವಲ್ಲ. ಮನೆಯವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಬರೆಯುವ ಕಾರಣ ಇಷ್ಟೇ: ಇಂಥದ್ದು ಬೇರೆ ಮನೆಗಳಲ್ಲೂ ನಡೆಯುತ್ತಿರಬಹುದು, ಅಲ್ಲೂ ಅದನ್ನು 'ಬುದ್ಧಿ ಕೆಟ್ಟಿದೆ' ಎಂದೇ ಅಂದುಕೊಂಡಿರಬಹುದು.

ಮನೆಯವರು ಹೇಳಿದ್ದು

ಹೆಂಡತಿ ಮೊದಲು ಹೇಳಿದ ಮಾತು: "ಇವರು ಹೀಗಿರ್ಲಿಲ್ಲ ಮೇಡಂ. ಹತ್ತು ರೂಪಾಯಿ ಖರ್ಚಾದ್ರೂ ಬರೆದಿಡೋ ಮನುಷ್ಯ."

ಕುಟ್ಟ ದಾಟಿದರೆ ತೋಲ್ಪೆಟ್ಟಿ, ಅಲ್ಲಿಂದ ಕೇರಳ. ಕರ್ನಾಟಕದಲ್ಲಿ ಲಾಟರಿ ಮಾರುವಂತಿಲ್ಲ, ಕೇರಳದಲ್ಲಿ ಸರ್ಕಾರವೇ ನಡೆಸುತ್ತದೆ. ಈ ಬೆಳೆಗಾರರು ಗೊಬ್ಬರಕ್ಕೆ, ಪಂಪಿನ ಬಿಡಿಭಾಗಕ್ಕೆ ಎಂದು ಮಾನಂದವಾಡಿ ಕಡೆ ಹೋಗುವುದು ಮೊದಲಿನಿಂದಲೂ ಇತ್ತು. ಹೋದಾಗ ಒಂದು ಟಿಕೆಟ್ ತೆಗೆದುಕೊಳ್ಳುವುದು ಈ ಕಡೆ ಯಾರೂ ದೊಡ್ಡದು ಮಾಡುವ ವಿಷಯವಲ್ಲ. ಆದರೆ 2023ರ ಕೊನೆಯ ಹೊತ್ತಿಗೆ ಒಂದು ಟಿಕೆಟ್ ಹೋಗಿ ಕಟ್ಟು ಕಟ್ಟು ಆಗಿತ್ತು. ಮಧ್ಯಾಹ್ನ ಮೂರಕ್ಕೆ ಡ್ರಾ. ಆ ಹೊತ್ತಿಗೆ ಅವರು ತೋಟದಲ್ಲಿ ಎಲ್ಲೇ ಇರಲಿ, ನೆಟ್‌ವರ್ಕ್ ಸಿಗುವ ಗುಡ್ಡದ ಮೇಲೆ ಹೋಗಿ ನಿಲ್ಲುತ್ತಿದ್ದರು. ರಾತ್ರಿ ಮೊಬೈಲಿನಲ್ಲಿ ದುಡ್ಡು ಹಾಕಿ ಆಡುವ ರಮ್ಮಿ ಬೇರೆ.

ಇದು ಮನೆಯವರಿಗೆ ಒಂದು ವರ್ಷ ಗೊತ್ತೇ ಆಗಲಿಲ್ಲ. ಅದಕ್ಕೂ ಕಾರಣವಿದೆ. 2024ರಲ್ಲಿ ರೊಬಸ್ಟಾ ಬೆಲೆ ಹಿಂದೆಂದೂ ಕಾಣದಷ್ಟು ಏರಿತು. ಕೈಗೆ ಬರಬೇಕಾದ ಹಣದಲ್ಲಿ ಕಡಿಮೆಯಾದರೂ ಹಿಂದಿನ ವರ್ಷಕ್ಕಿಂತ ಜಾಸ್ತಿಯೇ ಕಾಣುತ್ತಿತ್ತು. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ. ಕೊನೆಗೆ ಕರಿಮೆಣಸು ಕೊಯ್ಯುವ ಮೊದಲೇ ವ್ಯಾಪಾರಿಯ ಹತ್ತಿರ ಅಡ್ವಾನ್ಸ್ ತೆಗೆದುಕೊಂಡಿದ್ದು ಗೊತ್ತಾಯಿತು. ಸೊಸೈಟಿಯಲ್ಲಿ ಬೆಳೆಸಾಲದ ಜೊತೆ ಒಡವೆ ಸಾಲವೂ ಇತ್ತು. ಒಟ್ಟು ಹೋದದ್ದು ಸುಮಾರು 11 ಲಕ್ಷ. ಒಡವೆ ಹೆಂಡತಿಯದು. ಅದನ್ನು ಹೇಳುವಾಗ ಅವರು ಗಂಡನ ಕಡೆ ನೋಡಲಿಲ್ಲ.

ಇನ್ನೊಂದು ವಿಷಯವನ್ನು ಹೆಂಡತಿ ಕೊನೆಯಲ್ಲಿ, ಇದಕ್ಕೆ ಸಂಬಂಧವಿಲ್ಲ ಎನ್ನುವ ಹಾಗೆ ಹೇಳಿದರು. ರಾತ್ರಿ ಎರಡು ಗಂಟೆಗೆ ಎದ್ದು ಇವರು ಕಣದಲ್ಲಿ ಲೈಟ್ ಹಾಕಿಕೊಂಡು ಕೂರುತ್ತಾರೆ. ಸ್ಪ್ರಿಂಕ್ಲರುಗಳನ್ನೆಲ್ಲ ಬಿಚ್ಚಿ, ಸ್ಪ್ರಿಂಗು ಒಂದು ಕಡೆ, ವಾಷರು ಒಂದು ಕಡೆ ಜೋಡಿಸುತ್ತಾರೆ. ಮತ್ತೆ ಕಲಸಿ ಮತ್ತೆ ಜೋಡಿಸುತ್ತಾರೆ. ರಿಪೇರಿ ಮಾತ್ರ ಆಗುವುದಿಲ್ಲ. ಬೆಳಿಗ್ಗೆ ಎದ್ದರೆ ಕಣದ ತುಂಬ ಬಿಡಿಭಾಗ.

ಜೂಜಿನ ಚಟಕ್ಕೆ ಬಂದವರನ್ನು ನಾನು ನೋಡಿದ್ದೇನೆ. ಅವರು ಹೀಗೆ ವಾಷರು ಜೋಡಿಸುವುದಿಲ್ಲ. ನಾನು ಮಾತ್ರೆಗಳ ಚೀಟಿ ಕೇಳಿದ್ದು ಆಗ.

ಕಾಯಿಲೆಯ ಹಿನ್ನೆಲೆ

ಮಗ ತುಂಬ ಅಚ್ಚುಕಟ್ಟಿನ ಹುಡುಗ. ಬ್ಯಾಂಕ್ ಸ್ಟೇಟ್‌ಮೆಂಟ್, ಮೈಸೂರಿನ ನರರೋಗ ತಜ್ಞರ ಎಲ್ಲ ಚೀಟಿ, ಜೊತೆಗೆ ಅಪ್ಪ ಬರೆಯುತ್ತಿದ್ದ ಚೆಕ್‌ರೋಲ್ ಪುಸ್ತಕಗಳನ್ನೂ ತಂದ. ಕೆಲಸದವರ ಹಾಜರಿ, ಕೂಲಿ, ಮುಂಗಡ ಎಲ್ಲ ಇರುವ ಪುಸ್ತಕ. ಅವನು ತಂದಿದ್ದು ಹಣದ ಲೆಕ್ಕ ತೋರಿಸಲು. ನಾನು ನೋಡಿದ್ದು ಅಕ್ಷರವನ್ನು. 2018ರ ಪುಸ್ತಕದಲ್ಲಿ ದುಂಡಗೆ, ಗೆರೆ ತುಂಬುವ ಅಕ್ಷರ. 2019ರ ಮಧ್ಯಕ್ಕೆ ಸಣ್ಣದಾಗುತ್ತಾ ಬರುತ್ತದೆ. ಅದರಲ್ಲೂ ಸಾಲಿನ ಮೊದಲ ಹೆಸರು ದೊಡ್ಡದು, ಕೊನೆಯದು ಇರುವೆಯಷ್ಟು. ಪಾರ್ಕಿನ್ಸನ್‌ನಲ್ಲಿ ಕೈ ನಡುಗುವ ಮೊದಲೇ ಹೀಗೆ ಬರಹ ಕುಗ್ಗುವುದುಂಟು.

ಅದಕ್ಕೂ ಮೊದಲಿನ ಒಂದು ಮಾತು ಹೆಂಡತಿಗೆ ನೆನಪಿತ್ತು. ಒಂದು ವರ್ಷ ಹೂಮಳೆ ಚೆನ್ನಾಗಿ ಬಿದ್ದು ತೋಟವೆಲ್ಲ ಬೆಳ್ಳಗಾಗಿತ್ತು. ಕಾಫಿ ಹೂವಿನ ವಾಸನೆ ಎಷ್ಟು ಗಾಢ ಎಂದು ಕೊಡಗಿನವರಿಗೆ ಹೇಳಬೇಕಾಗಿಲ್ಲ. ಇವರು ಮಾತ್ರ "ಈ ಸಲ ಹೂವಿಗೆ ವಾಸನೆಯೇ ಇಲ್ಲ" ಎಂದಿದ್ದರಂತೆ. ಪಾರ್ಕಿನ್ಸನ್ ಬರುವ ಹಲವರಲ್ಲಿ ವಾಸನೆ ಗ್ರಹಿಸುವ ಶಕ್ತಿ ವರ್ಷಗಟ್ಟಲೆ ಮೊದಲೇ ಕುಂದುತ್ತದೆ. ನಿದ್ದೆಯಲ್ಲಿ ಕೂಗುವುದು, ಒದೆಯುವುದು ಕೂಡ ಹೀಗೇ ಮೊದಲು ಬರಬಹುದು. ಇವರಿಗೆ ಅದೂ ಇತ್ತು.

2020ರಲ್ಲಿ ಬಲಗೈ ನಡುಕ ಶುರುವಾಯಿತು. ಕೈ ಸುಮ್ನೆ ತೊಡೆಯ ಮೇಲಿದ್ದಾಗ ಜಾಸ್ತಿ, ಲೋಟ ಹಿಡಿದರೆ ಕಡಿಮೆ. ಮೈಸೂರಿನಲ್ಲಿ ರೋಗ ಗೊತ್ತಾಗಿ ಪ್ರಾಮಿಪೆಕ್ಸೋಲ್ ಎಂಬ ಮಾತ್ರೆ ಸಣ್ಣ ಪ್ರಮಾಣದಲ್ಲಿ ಶುರುವಾಯಿತು. ನಿಧಾನಕ್ಕೆ ದಿನಕ್ಕೆ ಒಂದೂವರೆ ಮಿಲಿಗ್ರಾಂಗೆ ಏರಿತು. ಮೂರು ವರ್ಷ ಎಲ್ಲ ಸರಿಯಿತ್ತು. 2023ರ ಜೂನ್‌ನಲ್ಲಿ ಮೈ ಬಿಗಿ ಜಾಸ್ತಿಯಾಯಿತು ಎಂದು ಅದನ್ನು ಮೂರು ಮಿಲಿಗ್ರಾಂಗೆ ಏರಿಸಿದರು, ಲೆವೊಡೋಪಾ ಎಂಬ ಇನ್ನೊಂದು ಪಾರ್ಕಿನ್ಸನ್ ಔಷಧಿಯನ್ನೂ ಸ್ವಲ್ಪ ಸೇರಿಸಿದರು. ಫಲಿತಾಂಶ ಚೆನ್ನಾಗಿತ್ತು. ಮರಗಸಿಯ, ಅಂದರೆ ನೆರಳು ಮರಗಳ ಕೊಂಬೆ ಕಡಿಯುವ, ಕೆಲಸದವರ ಹಿಂದೆ ಇಡೀ ದಿನ ನಿಲ್ಲುವಷ್ಟು ಚೇತರಿಸಿಕೊಂಡರು.

ಚೀಟಿಗಳನ್ನೂ ಬ್ಯಾಂಕ್ ಸ್ಟೇಟ್‌ಮೆಂಟನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆವು. ರಮ್ಮಿ ಆ್ಯಪಿಗೆ ಮೊದಲ ಹಣ ಹೋದದ್ದು 2023ರ ಆಗಸ್ಟ್ ಕೊನೆಯಲ್ಲಿ. ಅದಕ್ಕೆ ಮೊದಲು ಏನೂ ಇಲ್ಲ. ಆಮೇಲೆ ಪ್ರತಿ ತಿಂಗಳೂ ಏರಿಕೆ. ಮಗ ಆ ಎರಡು ತಾರೀಕುಗಳನ್ನೇ ನೋಡುತ್ತಾ ಕೂತುಬಿಟ್ಟ.

ಇನ್ನೊಂದು ಸಣ್ಣ ವಿಷಯ ಆಮೇಲೆ ಹೊರಬಿತ್ತು. ಪರಿಚಯದವರು ಹೇಳಿದರು ಎಂದು ಇವರು ಬೆಳಿಗ್ಗೆ ಹಾಲಿನಲ್ಲಿ ನಸುಗುನ್ನಿ ಬೀಜದ ಪುಡಿ ಕುಡಿಯುತ್ತಿದ್ದರು. ಡಾಕ್ಟರಿಗೆ ಹೇಳಿರಲಿಲ್ಲ, ಅದು ಔಷಧಿ ಎಂದೇ ಅವರಿಗೆ ಅನಿಸಿರಲಿಲ್ಲ. ಮುಟ್ಟಿದರೆ ತುರಿಸುವ ಅದೇ ನಸುಗುನ್ನಿ. ಅದರ ಬೀಜದಲ್ಲಿ ಲೆವೊಡೋಪಾ ನಿಜವಾಗಿಯೂ ಇದೆ, 1937ರಲ್ಲೇ ನಮ್ಮ ದೇಶದ ಸಂಶೋಧಕರು ಅದನ್ನು ಬೇರ್ಪಡಿಸಿ ತೋರಿಸಿದ್ದರು. ಅಂದರೆ ಚೀಟಿಯಲ್ಲಿ ಬರೆದದ್ದಕ್ಕಿಂತ ಹೆಚ್ಚು ಔಷಧಿ, ಅಳತೆಯಿಲ್ಲದೆ, ದಿನವೂ ಒಳಗೆ ಹೋಗುತ್ತಿತ್ತು.

ಪರೀಕ್ಷೆಯಲ್ಲಿ ಕಂಡದ್ದು

ನೆನಪು, ಗಮನ, ಲೆಕ್ಕ ಎಲ್ಲ ಸರಿಯಾಗಿತ್ತು. ಮರೆವಿನ ಕಾಯಿಲೆ ಇಲ್ಲ. ಮೆದುಳಿನ ಮುಂಭಾಗ ಸವೆಯುವ ಒಂದು ಬಗೆಯ ಡಿಮೆನ್ಷಿಯಾದಲ್ಲೂ ನಡವಳಿಕೆ ಹೀಗೆ ಕೆಡುತ್ತದೆ. ಆದರೆ ಅದರಲ್ಲಿ ಮನೆಯವರ ನೋವು ರೋಗಿಗೆ ತಟ್ಟುವುದೇ ಕಡಿಮೆ. ಇವರಿಗೆ ತಟ್ಟುತ್ತಿತ್ತು. ಒಡವೆಯ ಮಾತು ಬಂದಾಗ ಕಣ್ಣು ತುಂಬಿಕೊಂಡರು. ಉನ್ಮಾದದ ಲಕ್ಷಣವಾದ ವೇಗದ ಮಾತು, ದೊಡ್ಡಸ್ತಿಕೆ ಇರಲಿಲ್ಲ. ಕುಡಿತ ಹಬ್ಬ, ಮದುವೆಗೆ ಮಾತ್ರ.

ಅವರನ್ನು ಒಬ್ಬರನ್ನೇ ಕೂರಿಸಿ ಕೇಳಿದೆ. "ಟಿಕೆಟ್ ತಗೊಳ್ಳುವಾಗ ಏನನ್ನಿಸುತ್ತೆ?"

"ಗೆಲ್ತೇನೆ ಅಂತಲ್ಲ ಮೇಡಂ. ತಗೊಳ್ಳದೆ ಇರಕ್ಕೆ ಆಗಲ್ಲ."

"ಸೋತಾಗ?"

ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು: "ಸೋತದ್ದು ಗೊತ್ತಾಗುತ್ತೆ. ಆದ್ರೆ ಎದೆಗೆ ಇಳಿಯಲ್ಲ. ಮೊದಲೆಲ್ಲ ಕ್ಲಬ್ಬಲ್ಲಿ ಇಸ್ಪೀಟಲ್ಲಿ ಇನ್ನೂರು ರೂಪಾಯಿ ಹೋದ್ರೂ ರಾತ್ರಿ ನಿದ್ದೆ ಬರ್ತಿರ್ಲಿಲ್ಲ."

ಈ ಒಂದು ಉತ್ತರಕ್ಕಾಗಿ ಇಡೀ ಪ್ರಕರಣವನ್ನು ಬರೆಯಬಹುದು ಎಂದು ನನಗೆ ಅನಿಸುತ್ತದೆ. ಮೆದುಳಿನ ಪ್ರಯೋಗಾಲಯಗಳಲ್ಲಿ ವರ್ಷಗಟ್ಟಲೆ ಅಳೆದು ಕಂಡುಕೊಂಡದ್ದನ್ನು ಅವರು ತಮ್ಮ ಮಾತಿನಲ್ಲಿ ಹೇಳಿಬಿಟ್ಟಿದ್ದರು.

ಒಂದೇ ರಾಸಾಯನಿಕ, ಎರಡು ಜಾಗ

ಮನುಷ್ಯನ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅವು ಒಂದಕ್ಕೊಂದು ಸುದ್ದಿ ಮುಟ್ಟಿಸುವುದು ರಾಸಾಯನಿಕಗಳ ಮೂಲಕ. ಅಂಥ ಒಂದು ಸುದ್ದಿವಾಹಕ ಡೋಪಮಿನ್. ಮಧ್ಯಮೆದುಳಿನಲ್ಲಿ ಇದನ್ನು ತಯಾರಿಸುವ ಕೋಶಗಳು ಕೆಲವೇ ಲಕ್ಷ. ಇಷ್ಟು ಚಿಕ್ಕ ಗುಂಪು ನಮ್ಮ ನಡಿಗೆಯನ್ನೂ ಆಸೆಯನ್ನೂ ಒಟ್ಟಿಗೆ ನಡೆಸುತ್ತದೆ.

ಗುಂಪು ಚಿಕ್ಕದಾದರೂ ದಾರಿಗಳು ಬೇರೆ ಬೇರೆ. ಮಧ್ಯಮೆದುಳಿನಲ್ಲಿ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಕಪ್ಪು ಪಟ್ಟೆ ಇದೆ. ಅಲ್ಲಿಂದ ಹೊರಟ ತಂತುಗಳು ಸ್ಟ್ರಯೇಟಮ್ ಎಂಬ ಭಾಗದ ಮೇಲ್ಬದಿಗೆ, ಮುಖ್ಯವಾಗಿ ಪುಟಾಮೆನ್‌ಗೆ ಹೋಗುತ್ತವೆ. ನಡೆಯುವುದು, ಗುಂಡಿ ಹಾಕುವುದು, ಬರೆಯುವುದು ಎಲ್ಲ ಸರಾಗವಾಗಲು ಇಲ್ಲಿ ಡೋಪಮಿನ್ ಬೇಕು. ಕಪ್ಪು ಪಟ್ಟೆಯ ಪಕ್ಕದಲ್ಲೇ ವಿಟಿಎ ಎಂಬ ಇನ್ನೊಂದು ಗುಂಪಿದೆ. ಅದರ ತಂತುಗಳು ಸ್ಟ್ರಯೇಟಮ್‌ನ ಕೆಳಬದಿಯ ನ್ಯೂಕ್ಲಿಯಸ್ ಅಕ್ಯುಂಬೆನ್ಸ್‌ಗೆ ಮತ್ತು ಹಣೆಯ ಹಿಂದಿನ ಪ್ರಿಫ್ರಂಟಲ್ ಕಾರ್ಟೆಕ್ಸ್‌ಗೆ ಹೋಗುತ್ತವೆ. ಬೇಕು ಅನಿಸುವುದು, ಅದರ ಬೆನ್ನು ಹತ್ತುವುದು, ಇದು ಲಾಭವೋ ನಷ್ಟವೋ ಎಂದು ಕಲಿಯುವುದು ಈ ದಾರಿಯ ಕೆಲಸ. ಸಾಕು, ನಿಲ್ಲು ಎನ್ನುವುದು ಪ್ರಿಫ್ರಂಟಲ್ ಭಾಗದ ಕೆಲಸ.

ಡೋಪಮಿನ್ ಇಲ್ಲದಿದ್ದರೆ ಏನಾಗುತ್ತದೆ ಎಂದು 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್ಸನ್ ತೋರಿಸಿದರು. ಮೆದುಳಿನ ಡೋಪಮಿನ್ ಖಾಲಿ ಮಾಡುವ ರೆಸರ್ಪಿನ್ ಎಂಬ ಔಷಧಿಯನ್ನು ಮೊಲಗಳಿಗೆ ಕೊಟ್ಟಾಗ ಅವು ಕದಲದೆ ಬಿದ್ದವು. ಮೆದುಳಿನಲ್ಲಿ ಡೋಪಮಿನ್ ಆಗುವ ಲೆವೊಡೋಪಾ ಕೊಟ್ಟಾಗ ಎದ್ದು ಓಡಾಡಿದವು. ಆ ರೆಸರ್ಪಿನ್ ನಮ್ಮ ಸರ್ಪಗಂಧದ ಬೇರಿನಿಂದ ಬಂದದ್ದು. 1960ರಲ್ಲಿ ವಿಯೆನ್ನಾದಲ್ಲಿ ಎರಿಂಗರ್ ಮತ್ತು ಹಾರ್ನಿಕೀವಿಚ್, ಪಾರ್ಕಿನ್ಸನ್‌ನಿಂದ ತೀರಿಕೊಂಡವರ ಸ್ಟ್ರಯೇಟಮ್‌ನಲ್ಲಿ ಡೋಪಮಿನ್ ಬಹಳ ಕಡಿಮೆ ಇರುವುದನ್ನು ಕಂಡರು. ಕಾರ್ಲ್ಸನ್‌ಗೆ 2000ದಲ್ಲಿ ನೊಬೆಲ್ ಬಂತು. ಇಂದು ಕೊಡಗಿನ ಒಬ್ಬ ಬೆಳೆಗಾರ ಬೆಳಿಗ್ಗೆ ಎದ್ದು ಮಾತ್ರೆ ನುಂಗಿ ತೋಟಕ್ಕೆ ಹೋಗುತ್ತಾನೆ ಎಂದರೆ ಅದರ ಹಿಂದೆ ಆ ಕೆಲಸ ಇದೆ. ಈ ಔಷಧಿಗಳನ್ನು ಯಾರೂ ಬೈಯಬಾರದು ಎಂದು ಇಲ್ಲೇ ಹೇಳಿಬಿಡುತ್ತೇನೆ. ಅವಿಲ್ಲದಿದ್ದರೆ ಇವರು ಎಂದೋ ಹಾಸಿಗೆ ಹಿಡಿಯುತ್ತಿದ್ದರು.

ತೊಂದರೆ ಎಲ್ಲಿ? ಪಾರ್ಕಿನ್ಸನ್ ಎಲ್ಲ ಡೋಪಮಿನ್ ಕೋಶಗಳನ್ನೂ ಒಂದೇ ಸಲ ಕೊಲ್ಲುವುದಿಲ್ಲ. ಮೊದಲು ಸಾಯುವುದು ಕಪ್ಪು ಪಟ್ಟೆಯವು. ನಡುಕ ಕಾಣುವ ಹೊತ್ತಿಗೆ ಅಲ್ಲಿ ದೊಡ್ಡ ಪಾಲು ಹೋಗಿರುತ್ತದೆ. ಪಕ್ಕದ ವಿಟಿಎ ಮಾತ್ರ ಆ ಹಂತದಲ್ಲಿ ಸಾಕಷ್ಟು ಗಟ್ಟಿಯಾಗಿರುತ್ತದೆ. ಮಾತ್ರೆಗೆ ಇದು ಗೊತ್ತಾಗುವುದಿಲ್ಲ. ರಕ್ತದ ಜೊತೆ ಎಲ್ಲ ಕಡೆಗೂ ಹೋಗುತ್ತದೆ.

ಅಪ್ಪ, ಮಗ ಇಬ್ಬರನ್ನೂ ಕೂರಿಸಿಕೊಂಡು ನಾನು ಇದನ್ನು ಗದ್ದೆಯ ಲೆಕ್ಕದಲ್ಲಿ ಹೇಳಿದೆ. ಎರಡು ಗದ್ದೆಗೆ ಒಂದೇ ತೂಬು. ಮೇಲಿನ ಗದ್ದೆ ಒಣಗಿದೆ, ಕೆಳಗಿನದರಲ್ಲಿ ಆಗಲೇ ನೀರಿದೆ. ಮೇಲಿನದು ನೆನೆಯುವಷ್ಟು ನೀರು ಬಿಟ್ಟರೆ ಕೆಳಗಿನದು ಬದು ಮೀರುತ್ತದೆ. ಬೆಳೆಗಾರರು ತಕ್ಷಣ ಹೇಳಿದರು: "ಹಾಗಂತ ತೂಬು ಪೂರ್ತಿ ಮುಚ್ಚಬೇಡಿ ಮೇಡಂ, ನನ್ನ ಕೈ ನಿಂತೋಗ್ತದೆ." ಚಿಕಿತ್ಸೆಯ ಕಷ್ಟ ಏನು ಎಂದು ಅವರು ನನಗಿಂತ ಬೇಗ ಹಿಡಿದಿದ್ದರು.

ಪ್ರಾಮಿಪೆಕ್ಸೋಲ್ ವಿಷಯದಲ್ಲಿ ಇನ್ನೂ ಎರಡು ಸಂಗತಿ ಸೇರುತ್ತವೆ. ಲೆವೊಡೋಪಾ ಕೋಶದೊಳಗೆ ಹೋಗಿ ಡೋಪಮಿನ್ ಆಗಬೇಕು, ಆಮೇಲೆ ಕೋಶವೇ ಅದನ್ನು ಬಿಡಬೇಕು. ಪ್ರಾಮಿಪೆಕ್ಸೋಲ್‌ಗೆ ಅದೆಲ್ಲ ಬೇಡ. ಅದು ತಾನೇ ಡೋಪಮಿನ್ನಿನ ಹಾಗೆ, ಮುಂದಿನ ಕೋಶದಲ್ಲಿ ಸುದ್ದಿ ಹಿಡಿಯುವ ರಿಸೆಪ್ಟರ್ ಮೇಲೆ ಕೂರುತ್ತದೆ. ಅದಕ್ಕೆ ಹೆಚ್ಚು ಒಲವು ಡಿ3 ಎಂಬ ರಿಸೆಪ್ಟರ್ ಮೇಲೆ. ಡಿ3 ಜಾಸ್ತಿ ಇರುವುದು ಸ್ಟ್ರಯೇಟಮ್‌ನ ಕೆಳಬದಿಯಲ್ಲಿ, ಅಂದರೆ ಆಸೆಯ ದಾರಿಯಲ್ಲೇ.

ಎರಡನೆಯದು ಸಮಯ. ಸ್ವಿಟ್ಜರ್ಲೆಂಡಿನಲ್ಲಿ ವೋಲ್ಫ್ರಾಮ್ ಶುಲ್ಟ್ಸ್ ಮಂಗಗಳ ಡೋಪಮಿನ್ ಕೋಶಗಳ ಮಿಡಿತವನ್ನು ದಾಖಲಿಸಿದರು. ನಿರೀಕ್ಷೆ ಇಲ್ಲದೆ ಹಣ್ಣಿನ ರಸ ಸಿಕ್ಕರೆ ಕೋಶಗಳು ಜೋರಾಗಿ ಮಿಡಿದವು. ರಸ ಬರುತ್ತದೆ ಎಂದು ಗೊತ್ತಿದ್ದು ಬಂದರೆ ಹೆಚ್ಚೇನೂ ಬದಲಾಗಲಿಲ್ಲ. ಬರಬೇಕಾದ ರಸ ಬರದಿದ್ದರೆ ಮಿಡಿತ ತಟ್ಟನೆ ಇಳಿಯಿತು. ಆ ಇಳಿತವೇ ನಷ್ಟದ ಪಾಠ. ಇನ್ನೂರು ರೂಪಾಯಿ ಹೋದಾಗ ನಿದ್ದೆ ಕೆಡಿಸುವ ಸಂಕಟದ ಹಿಂದೆ ಇಂಥ ಇಳಿತವೂ ಇರುತ್ತದೆ. ಪ್ರಾಮಿಪೆಕ್ಸೋಲ್ ದೇಹದಲ್ಲಿ ಅರ್ಧಕ್ಕೆ ಇಳಿಯಲು 8ರಿಂದ 12 ಗಂಟೆ ಬೇಕು. ದಿನಕ್ಕೆ ಮೂರು ಸಲ ತೆಗೆದುಕೊಂಡರೆ ರಿಸೆಪ್ಟರ್ ಖಾಲಿಯಾಗುವುದೇ ಇಲ್ಲ. ಕೋಶದ ಮಿಡಿತ ಇಳಿದರೂ ಆ ಇಳಿತ ಮುಂದಕ್ಕೆ ಮುಟ್ಟುವುದಿಲ್ಲ. ಗೆಲುವಿನ ಏರಿಕೆ ಮುಟ್ಟುತ್ತದೆ, ಸೋಲಿನ ಇಳಿಕೆ ಮುಟ್ಟುವುದಿಲ್ಲ.

2004ರಲ್ಲಿ ಮೈಕೆಲ್ ಫ್ರಾಂಕ್ ಮತ್ತು ಜೊತೆಗಾರರು ಪಾರ್ಕಿನ್ಸನ್ ಇರುವವರಲ್ಲೇ ಇದನ್ನು ಪರೀಕ್ಷಿಸಿದರು. ಡೋಪಮಿನ್ ಮಾತ್ರೆ ತೆಗೆದುಕೊಂಡಾಗ ಅವರು ಗೆಲುವಿನಿಂದ ಚೆನ್ನಾಗಿ ಕಲಿತರು, ಸೋಲಿನಿಂದ ಕಲಿಯುವುದು ಕಷ್ಟವಾಯಿತು. ಮಾತ್ರೆ ಇಲ್ಲದಾಗ ತಿರುಗುಮುರುಗು. "ಎದೆಗೆ ಇಳಿಯಲ್ಲ" ಎಂದರಲ್ಲ, ಅದು ಇದೇ.

ಮಧ್ಯರಾತ್ರಿ ವಾಷರು ಜೋಡಿಸುವುದಕ್ಕೂ ಮೂಲ ಹತ್ತಿರದ್ದೇ. ಅರ್ಥವಿಲ್ಲದ ಕೆಲಸವೊಂದನ್ನು ಗಂಟೆಗಟ್ಟಲೆ ಮಾಡುತ್ತಾ ಕೂರುವುದು, ಅದೂ ತಾನು ಮೊದಲಿನಿಂದ ಬಲ್ಲ ಕೆಲಸವನ್ನೇ. ರೈತನಾದರೆ ಪಂಪು, ಟೈಲರ್ ಆದರೆ ಗುಂಡಿ. ಡೋಪಮಿನ್ ಔಷಧಿ ಹೆಚ್ಚಾದವರಲ್ಲಿ ಇದು ಚೆನ್ನಾಗಿ ಗೊತ್ತಿರುವ ಲಕ್ಷಣ. ನಮಗೆ ದಾರಿ ತೋರಿಸಿದ್ದೂ ಇದೇ.

ಎಷ್ಟು ಜನರಿಗೆ ಹೀಗಾಗುತ್ತದೆ? ಅಮೆರಿಕ ಮತ್ತು ಕೆನಡಾದಲ್ಲಿ 3,090 ಪಾರ್ಕಿನ್ಸನ್ ರೋಗಿಗಳನ್ನು ನೋಡಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಜೂಜು, ಮಿತಿಮೀರಿದ ಖರೀದಿ, ಮಿತಿಮೀರಿದ ತಿನ್ನುವಿಕೆ, ಮಿತಿಮೀರಿದ ಕಾಮ, ಇವುಗಳಲ್ಲಿ ಒಂದಾದರೂ ಇದ್ದವರು 13.6 ಶೇಕಡ. ಪ್ರಾಮಿಪೆಕ್ಸೋಲ್ ಬಗೆಯ ಔಷಧಿ ತೆಗೆದುಕೊಳ್ಳುತ್ತಿದ್ದವರಲ್ಲಿ 17.1, ತೆಗೆದುಕೊಳ್ಳದವರಲ್ಲಿ 6.9. ಅಂದರೆ ಈ ಮಾತ್ರೆ ತೆಗೆದುಕೊಳ್ಳುವವರಲ್ಲಿ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಕಡಿಮೆ ವಯಸ್ಸು, ಮನೆತನದಲ್ಲಿ ಜೂಜಿನ ಇತಿಹಾಸ ಇದ್ದರೆ ಸಾಧ್ಯತೆ ಹೆಚ್ಚು. ಇವರಿಗೆ ಕಾಯಿಲೆ ಬಂದಾಗ ವಯಸ್ಸು 53. ಇವರ ಚಿಕ್ಕಪ್ಪ ಇಸ್ಪೀಟಿನಲ್ಲಿ ಗದ್ದೆ ಕಳೆದುಕೊಂಡವರು. ಪಾರ್ಕಿನ್ಸನ್‌ಗೆ ಮಾತ್ರ ಅಲ್ಲ, ರಾತ್ರಿ ಕಾಲು ಚಡಪಡಿಸುವ ತೊಂದರೆಗೂ ಈ ಮಾತ್ರೆ ಕೊಡುತ್ತಾರೆ. ಮನೋರೋಗಕ್ಕೆ ಕೊಡುವ ಅರಿಪಿಪ್ರಾಜೋಲ್ ಬಗ್ಗೆಯೂ 2016ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇಂಥದ್ದೇ ಎಚ್ಚರಿಕೆ ಕೊಟ್ಟಿದೆ.

ಯಾಕೆ ಯಾರಿಗೂ ಗೊತ್ತಾಗಲಿಲ್ಲ

ಇದು ನನ್ನನ್ನು ತುಂಬ ಕಾಡಿದ ಪ್ರಶ್ನೆ. ಮೂರು ತಿಂಗಳಿಗೊಮ್ಮೆ ಮೈಸೂರಿಗೆ ಹೋಗಿ ಬರುತ್ತಿದ್ದರು. ಹೊರಟು, ಕಾದು, ತೋರಿಸಿ, ವಾಪಸ್ ಬರಲು ಒಂದು ಇಡೀ ದಿನ. ಡಾಕ್ಟರ ಮುಂದೆ ಕೂರುವುದು ಹತ್ತು ನಿಮಿಷ. ನಡುಕ ಹೇಗಿದೆ, ಬಿಗಿ ಹೇಗಿದೆ, ಬಿದ್ದಿದ್ದೀರಾ? ಎಲ್ಲಕ್ಕೂ ಒಳ್ಳೆಯ ಉತ್ತರ. ಹೆಂಡತಿ ಪಕ್ಕದಲ್ಲೇ ಕೂತಿದ್ದರು, ಅವರನ್ನು ಯಾರೂ ಏನೂ ಕೇಳಲಿಲ್ಲ. ಅವರಾಗಿ ಹೇಳುವುದಕ್ಕೆ ಇದು ಮಾತ್ರೆಯ ವಿಷಯ ಎಂದು ಅವರಿಗೆ ಹೊಳೆಯಬೇಕಲ್ಲ? ನರದ ಡಾಕ್ಟರಿಗೆ ಗಂಡನ ಲಾಟರಿ ಬಗ್ಗೆ ಯಾರು ಹೇಳುತ್ತಾರೆ?

ರೋಗಿ ತಾನಾಗಿಯೇ ಹೇಳುವುದು ಇನ್ನೂ ಕಷ್ಟ. ನಾಚಿಕೆ ಒಂದು ಕಾರಣ. ಇನ್ನೊಂದು, ಅವರಿಗೆ ಅದು ತೊಂದರೆ ಎಂದೇ ಅನಿಸುವುದಿಲ್ಲ. ಮೈ ಹಗುರ, ಕೈ ಓಡುತ್ತದೆ, ಹುರುಪು ಇದೆ. ಹಾಗಾಗಿ ಈ ಮಾತ್ರೆ ಶುರು ಮಾಡುವ ದಿನವೇ ಮನೆಯವರಿಗೆ, ರೋಗಿಗೆ ಮಾತ್ರವಲ್ಲ, ಬಿಡಿಸಿ ಹೇಳಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಪ್ರತಿ ಭೇಟಿಯಲ್ಲೂ ಹೆಂಡತಿಯನ್ನೋ ಮಕ್ಕಳನ್ನೋ ಬೇರೆಯಾಗಿ ಒಂದು ನಿಮಿಷ ಕೇಳಬೇಕು: ದುಡ್ಡು, ತಿಂಡಿ, ಖರೀದಿ, ರಾತ್ರಿ, ಇವುಗಳಲ್ಲಿ ಏನಾದರೂ ಬದಲಾಗಿದೆಯಾ?

ಏನು ಮಾಡಿದೆವು

ಚೀಟಿ, ತಾರೀಕು, ಕಣದ ವಿಷಯ, ನಸುಗುನ್ನಿ ಎಲ್ಲ ಬರೆದು ತಜ್ಞರಿಗೆ ಪತ್ರ ಕೊಟ್ಟೆ, ಫೋನಿನಲ್ಲೂ ಮಾತಾಡಿದೆ. ಅವರು ಅದೇ ವಾರ ಬರಹೇಳಿದರು. ನಸುಗುನ್ನಿ ನಿಲ್ಲಿಸಿದರು. ಪ್ರಾಮಿಪೆಕ್ಸೋಲ್ ಅನ್ನು ಕೆಲವು ವಾರಗಳಲ್ಲಿ ಹಂತ ಹಂತವಾಗಿ ಇಳಿಸುತ್ತಾ ಲೆವೊಡೋಪಾ ಏರಿಸಿದರು. ಇದನ್ನು ಓದುವವರು ಒಂದು ಮಾತು ನೆನಪಿಡಿ: ಪಾರ್ಕಿನ್ಸನ್ ಮಾತ್ರೆಯನ್ನು ಯಾರೂ ತಾವಾಗಿ ದಿಢೀರ್ ನಿಲ್ಲಿಸಬಾರದು. ಜ್ವರ, ಮೈ ಸೆಟೆತ, ಪ್ರಜ್ಞೆ ತಪ್ಪುವಂಥ ಅಪಾಯದ ಸ್ಥಿತಿ ಬರಬಹುದು.

ಇಳಿಸುವಾಗ ಕಷ್ಟ ಬರಬಹುದು ಎಂದು ಗೊತ್ತಿತ್ತು, ಬಂತು ಕೂಡ. ಎರಡನೇ ಹಂತದ ಇಳಿಕೆಯ ನಂತರ ಬೆವರು, ಗಾಬರಿ, ಏನೂ ಬೇಡ ಎನ್ನುವ ಮಂಕು. "ಒಂದು ಮಾತ್ರೆ ಕೊಡಿ ಸಾಕು" ಎಂದು ಹೆಂಡತಿಯ ಹತ್ತಿರ ಬೇಡಿಕೊಂಡರು. ಈ ಬಗೆಯ ಔಷಧಿ ಬಿಡಿಸುವಾಗ ಕೆಲವರಲ್ಲಿ ಇಂಥ ತಳಮಳ ಬರುತ್ತದೆ. ಲೆವೊಡೋಪಾ ಏರಿಸಿದರೂ ಅದು ಹೋಗುವುದಿಲ್ಲ. ಮೇಲಾಗಿ ಪಾರ್ಕಿನ್ಸನ್ ಡೋಪಮಿನ್ ಒಂದನ್ನೇ ಕೆಡಿಸುವುದಿಲ್ಲ. ನಾರ್‌ಅಡ್ರಿನಲಿನ್, ಸೆರೊಟೋನಿನ್ ಕೋಶಗಳೂ ಸವೆಯುತ್ತವೆ. ಮಂಕು, ಆತಂಕಗಳಿಗೆ ಅವುಗಳ ಪಾಲೂ ಇದೆ. ಹಾಗಾಗಿ ಇಳಿಕೆಯನ್ನು ಇನ್ನೂ ನಿಧಾನ ಮಾಡಿದರು.

ಆ ಮಂಕು ಬರುವ ಮೊದಲೇ ನಾನು ಒಂದು ವಿಷಯ ಎತ್ತಿದ್ದೆ. ಕೊಡಗಿನಲ್ಲಿ ಬಹಳ ಮನೆಗಳಲ್ಲಿ ಕೋವಿ ಇರುತ್ತದೆ, ಜಮ್ಮಾ ಎಂಬ ಹಳೆಯ ಬಗೆಯ ಭೂಹಿಡುವಳಿ ಇರುವವರಿಗೆ ಲೈಸನ್ಸಿನಿಂದ ವಿನಾಯಿತಿಯೂ ಇದೆ. ಇವರ ಮನೆಯಲ್ಲೂ ಇತ್ತು. ಔಷಧಿ ಇಳಿಸುವ ತಿಂಗಳುಗಳಲ್ಲಿ ಕೋವಿ ಮನೆಯಲ್ಲಿ ಬೇಡ ಎಂದೆ. ಹಿರಿಯರ ಕಾಲದ ಕೋವಿ, ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದಿಗೆ ಪೂಜೆ ಮಾಡುವಂಥದ್ದು. ಇವರಿಗೆ ಅದು ಅವಮಾನ ಅನಿಸಬಹುದು ಎಂದು ಮಗನಿಗೆ ಅಳುಕು. ಆದರೆ ಚುನಾವಣೆ ಸಮಯದಲ್ಲಿ ಹೇಗೂ ಸ್ಟೇಷನ್ನಿಗೆ ಒಪ್ಪಿಸಿ ಅಭ್ಯಾಸ ಇದೆಯಲ್ಲ, ಹಾಗೇ ಮಾಡೋಣ ಎಂದು ಅವರೇ ಹೇಳಿದರು. ಒಪ್ಪಿಸಿದರು. ಕೊಡಗಿನಲ್ಲಿ ಮನಸ್ಸಿನ ಯಾವುದೇ ದೊಡ್ಡ ಏರಿಳಿತದ ಚಿಕಿತ್ಸೆಯಲ್ಲಿ ಈ ಮಾತನ್ನು ಸಂಕೋಚವಿಲ್ಲದೆ ಕೇಳಲೇಬೇಕು.

ಹಣದ ಕಡೆ ವ್ಯವಸ್ಥೆ ಸರಳ. ಖಾತೆ ಹೆಂಡತಿಯ ಜೊತೆ ಜಂಟಿ, ಮೊಬೈಲಿನಿಂದ ಕಳಿಸುವ ಹಣಕ್ಕೆ ಸಣ್ಣ ಮಿತಿ, ರಮ್ಮಿ ಆ್ಯಪ್ ತೆಗೆದದ್ದು. ಮೆಣಸಿನ ವ್ಯಾಪಾರಿಗೆ ಮಗ ನೇರವಾಗಿ ಹೋಗಿ ಹೇಳಿದ, ಇನ್ನು ಅಡ್ವಾನ್ಸ್ ಕೊಡಬೇಡಿ ಎಂದು. ಮಧ್ಯಾಹ್ನ ಮೂರರ ಹೊತ್ತಿಗೆ ಬರುವ ಸೆಳೆತಕ್ಕೆ ನಾವು ಸೇರಿ ಒಂದು ದಾರಿ ಮಾಡಿದೆವು. ಆ ಹೊತ್ತಿಗೆ ಫೋನ್ ಮನೆಯಲ್ಲಿಟ್ಟು ಹೆಂಡತಿಯ ಜೊತೆ ತೋಟದಲ್ಲಿ ಒಂದು ಸುತ್ತು. ಮಾತ್ರೆ ಇಳಿಯುವವರೆಗೆ ಇದರಿಂದ ಹೆಚ್ಚು ಉಪಯೋಗವಾಗಲಿಲ್ಲ. ಇಳಿದ ಮೇಲೆ ಆಯಿತು. ಈ ಕ್ರಮ ನನಗೆ ಮುಖ್ಯ ಅನಿಸುತ್ತದೆ. ಬುದ್ಧಿಮಾತು ಹೇಳುತ್ತಾ ಕೂತಿದ್ದರೆ ತಿಂಗಳುಗಳು ಹೋಗುತ್ತಿದ್ದವು, ಅವರು ತಮ್ಮನ್ನೇ ಇನ್ನಷ್ಟು ಹಳಿದುಕೊಳ್ಳುತ್ತಿದ್ದರು.

ಯಾರ ತಪ್ಪು ಎಂಬ ಪ್ರಶ್ನೆ

ಪ್ರಾಮಿಪೆಕ್ಸೋಲ್ ಪೂರ್ತಿ ನಿಂತ ಮೇಲೆ ಸೆಳೆತ ಕಡಿಮೆಯಾಗುತ್ತಾ ಹೋಯಿತು. ಕಣದಲ್ಲಿ ರಾತ್ರಿ ಲೈಟ್ ಉರಿಯುವುದು ಮೊದಲು ನಿಂತಿತು, ಲಾಟರಿಯ ಯೋಚನೆ ಆಮೇಲೆ. ಆಗ ಶುರುವಾಯಿತು ನಿಜವಾದ ದುಃಖ. ಸೋತದ್ದೆಲ್ಲ ಒಟ್ಟಿಗೆ ಎದೆಗೆ ಇಳಿಯಿತು.

ನಾನು ಅವರಿಗೆ ಹೇಳಿದೆ, ಇದರಲ್ಲಿ ಮಾತ್ರೆಯ ಪಾಲು ದೊಡ್ಡದು ಎಂದು. ಅವರು ಒಪ್ಪಲಿಲ್ಲ. "ಮಾತ್ರೆ ಮೇಲೆ ಹಾಕಿ ನಾನು ತಪ್ಪಿಸ್ಕೊಳ್ಳೋದಿಲ್ಲ. ಒಡವೆ ಎತ್ತಿಕೊಂಡು ಹೋಗಿದ್ದು ಈ ಕೈ." ಮಗಳ ಮಾತು ಬೇರೆ. ಮದುವೆಯಾಗಿ ಸೋಮವಾರಪೇಟೆ ಕಡೆ ಇರುವ ಅವಳು ಅಮ್ಮನಿಗೆ ಫೋನಿನಲ್ಲಿ ಹೇಳಿದ್ದು: ಒಂದು ಮಾತ್ರೆ ಮನುಷ್ಯನನ್ನು ಸುಳ್ಳು ಹೇಳಿಸುತ್ತದಾ?

ಅವಳ ಪ್ರಶ್ನೆ ನ್ಯಾಯವಾದದ್ದು. ನನ್ನ ಉತ್ತರ ಹೀಗೆ: ಸುಳ್ಳನ್ನು ಮಾತ್ರೆ ಹೇಳಿಸಲಿಲ್ಲ. ಮಾತ್ರೆ ಸೆಳೆತವನ್ನು ಹತ್ತು ಪಟ್ಟು ಮಾಡಿತು, ನಷ್ಟದ ನೋವನ್ನು ಮಂದ ಮಾಡಿತು. ನಾಚಿಕೆ ಮಾತ್ರ ಹಾಗೇ ಉಳಿದಿತ್ತು. ಸೆಳೆತವನ್ನು ತಡೆಯಲಾಗದೆ, ನಾಚಿಕೆಯನ್ನೂ ಬಿಡಲಾಗದೆ ಇದ್ದವನು ಸುಳ್ಳು ಹೇಳಿದ. ಇಸ್ಪೀಟಿನ ಪ್ರೀತಿ ಅವರದ್ದೇ, ಚಿಕ್ಕಪ್ಪನ ರಕ್ತವೂ ಇರಬಹುದು, ಕೈಗೆಟಕುವ ಲಾಟರಿ ಅಂಗಡಿ ಊರಿನದ್ದು, ಕೈತುಂಬ ಬಂದ ಹಣ ಆ ವರ್ಷದ ಬೆಲೆಯದ್ದು. ಇವೆಲ್ಲ ಮೊದಲೂ ಇದ್ದವು, ಬೆಲೆ ಒಂದನ್ನು ಬಿಟ್ಟು. ಆದರೂ 56ನೇ ವಯಸ್ಸಿನವರೆಗೆ ಆ ಮನುಷ್ಯ ಹತ್ತು ರೂಪಾಯಿ ಬರೆದಿಟ್ಟವನು. ನನಗೆ ಆ ವರ್ಷಗಳು ಹೆಚ್ಚು ತೂಕದ್ದಾಗಿ ಕಾಣುತ್ತವೆ. ಮಗಳಿಗೆ ಹಾಗೆ ಕಾಣಬೇಕೆಂದು ಒತ್ತಾಯ ಮಾಡುವ ಹಕ್ಕು ನನಗಿಲ್ಲ.

ಈಗಿನ ಸ್ಥಿತಿ

ಲೆವೊಡೋಪಾ ಮೇಲೆ ನಡೆಯುತ್ತಿದೆ. ಲಾಟರಿ, ರಮ್ಮಿ ಇಲ್ಲ. ಮೈ ಮೊದಲಿನಷ್ಟು ಹಗುರವಿಲ್ಲ. ಬೆಳಿಗ್ಗೆ ಎದ್ದ ಮೇಲೆ ಮೊದಲ ಮಾತ್ರೆ ಹಿಡಿಯುವವರೆಗೆ ಶರ್ಟಿನ ಗುಂಡಿ ಹೆಂಡತಿ ಹಾಕಬೇಕು. ಮುಂದಿನ ಮಾತ್ರೆ ಹತ್ತಿರವಾದಂತೆ ಕಾಲು ಬಿಗಿಯುತ್ತದೆ. ಕೊಯ್ಲಿನ ಸಮಯಕ್ಕೆ ಹಳೆಯ ಮಾತ್ರೆಯನ್ನು ಅರ್ಧವಾದರೂ ಕೊಡಿ ಎಂದು ಅವರು ತಜ್ಞರನ್ನು ಕೇಳಿದರು. ತಜ್ಞರು ಒಪ್ಪಲಿಲ್ಲ, ಹೆಂಡತಿಯಂತೂ ಒಪ್ಪಲೇ ಇಲ್ಲ. ಮೆದುಳಿನೊಳಗೆ ವಿದ್ಯುತ್ ತಂತಿ ಇಡುವ ಶಸ್ತ್ರಚಿಕಿತ್ಸೆಯ ಮಾತೂ ಬಂತು. ಅದರಿಂದ ಮಾತ್ರೆ ಕಡಿಮೆ ಮಾಡಬಹುದು, ಆದರೆ ಅದರಿಂದಲೂ ಕೆಲವರಲ್ಲಿ ದುಡುಕು ಹೆಚ್ಚುವುದುಂಟು. ಸದ್ಯಕ್ಕೆ ಬೇಡ ಎಂದಾಗಿದೆ.

ಈ ವರ್ಷ ಕಾಫಿ ಕೊಯ್ಲನ್ನು ಕಂಟ್ರಾಕ್ಟಿಗೆ ಕೊಟ್ಟಿದ್ದಾರೆ. ಮಗ ಬೆಂಗಳೂರಿನ ಕೆಲಸವನ್ನು ಮನೆಯಿಂದಲೇ ಮಾಡಲು ಒಪ್ಪಿಗೆ ಪಡೆದು ಊರಿಗೆ ಬಂದಿದ್ದಾನೆ. ಮೆಣಸಿನ ವ್ಯಾಪಾರಿಯ ಅಡ್ವಾನ್ಸ್ ತೀರಿದೆ. ಒಡವೆ ಇನ್ನೂ ಸೊಸೈಟಿಯಲ್ಲೇ ಇದೆ, ಕಾಫಿ ಮಾರಿದ ಮೇಲೆ ಬಿಡಿಸುವ ಯೋಚನೆ. ಮಗಳು ಅಪ್ಪನ ಜೊತೆ ಮಾತಾಡುತ್ತಿಲ್ಲ. ನನ್ನ ಜೊತೆ ಮಾತಾಡಲು ಒಪ್ಪಿದ್ದಾಳೆ, ಮುಂದಿನ ತಿಂಗಳು ಬರುತ್ತಾಳೆ.